ದಿಂಬುಗಳ ಸಂಖ್ಯೆ

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಗರ್ಭಿಣಿಯನ್ನು ಸಿಸೇರಿಯನ್‌ಗಾಗಿ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಒಂಬತ್ತು ಹನ್ನೊಂದಕ್ಕೆ ಅವಳು ಕೆಮ್ಮತೊಡಗಿದಳು. ಒಂಬತ್ತು ಹನ್ನೆರಡಕ್ಕೆ ಕಿರಿಯ ಅರಿವಳಿಕೆ ವೈದ್ಯೆ ಅವಳ ಬೆನ್ನಿಗೆ ತೋಳು ಕೊಟ್ಟು ಎಬ್ಬಿಸಿ ಕೂರಿಸಿದಳು.

“ಮಲಗಿದ್ರೆ ಉಸಿರು ಕಟ್ಟುತ್ತಾ? ಯಾವಾಗಿಂದ?”

“ತಿಂಗಳಾಯ್ತು ಡಾಕ್ಟ್ರೇ. ಮೂರು ದಿಂಬು ಬೇಕು. ನಮ್ಮನೆಯವ್ರದ್ದನ್ನೂ ಕಿತ್ಕೊಂಡಿದ್ದೀನಿ. ಪಾಪ, ಟವೆಲ್ ಮಡಚಿಟ್ಕೊಂಡು ಮಲಗ್ತಾರೆ.” ಏದುಸಿರಿನಲ್ಲೂ ಅವಳು ನಕ್ಕಳು. “ಬಸುರೀಲಿ ಎಲ್ರಿಗೂ ಹೀಗೇ ಅನ್ಕೊಂಡೆ. ಯಾರೂ ಕೇಳ್ಲೂ ಇಲ್ವಲ್ಲ.”

ವೈದ್ಯೆ ಅವಳ ನಮೂನೆ ತೆರೆದಳು. ಹತ್ತು ದಿನಗಳ ಹಿಂದೆ ಇವಳನ್ನು ತಪಾಸಣೆ ಮಾಡಿದ್ದವಳು ತಾನೇ. ನಮೂನೆಯಲ್ಲಿ ‘ದಿಂಬುಗಳು: 1’ ಎಂದಿತ್ತು, ತನ್ನದೇ ದುಂಡು ಅಕ್ಷರದಲ್ಲಿ. ಸಮಯ ಉಳಿಯಲೆಂದು, ಹೆಚ್ಚಿನವರು ಹೇಳುವ ಉತ್ತರಗಳನ್ನು ಎಲ್ಲ ನಮೂನೆಗಳಲ್ಲೂ ಮೊದಲೇ ತುಂಬಿಟ್ಟು, ಬೇರೆ ಹೇಳಿದವರದನ್ನು ಮಾತ್ರ ತಿದ್ದುವುದು ಅವಳ ಕ್ರಮ. ಕೇಳಿದರಲ್ಲವೇ ಬೇರೆ ಹೇಳುವುದು!

ತಕ್ಷಣ ಮಾಡಿದ ಸ್ಕ್ಯಾನಿನಲ್ಲಿ ಉಸಿರು ಕಟ್ಟುವುದರ ಕಾರಣ ಕಂಡಿತು: ಹೃದಯ ಹಿಗ್ಗಿತ್ತು. ಇರಬೇಕಾದ ಬಲದ ಅರ್ಧವೂ ಉಳಿದಿರಲಿಲ್ಲ. ಗರ್ಭದ ನೀರು ಒಡೆದು ಹೋಗಿತ್ತು, ಮಗು ತಲೆ ಕೆಳಗಾಗದೆ ಕೂತಿತ್ತು, ಮುಂದೂಡುವಂತಿರಲಿಲ್ಲ.

“ಬೆನ್ನಿಗೆ ಒಂದೇ ಸಲ ಪೂರ್ತಿ ಮದ್ದು ಕೊಟ್ಟಿದ್ರೆ ಬಿಪಿ ಪಾತಾಳಕ್ಕೆ ಹೋಗೋದು,” ಎಂದರು ಹಿರಿಯ ವೈದ್ಯರು. “ಸಣ್ಣ ಕೊಳವೆ ಹಾಕಮ್ಮ. ಸ್ವಲ್ಪ ಸ್ವಲ್ಪ ಕೊಡೋಣ.”

ಮಣಿಕಟ್ಟಿನ ಧಮನಿಗೆ ಸೂಜಿ ಹಾಕಿ, ರಕ್ತದೊತ್ತಡವನ್ನು ಪ್ರತಿ ಬಡಿತಕ್ಕೂ ಪರದೆಯಲ್ಲಿ ನೋಡುತ್ತ, ತಲೆಯ ಕಡೆ ಎತ್ತರಿಸಿಯೇ, ಅವಳು ಐದೈದು ನಿಮಿಷಕ್ಕೊಮ್ಮೆ ಬೆನ್ನಿನ ಕೊಳವೆಯಲ್ಲಿ ಮದ್ದು ಕೊಟ್ಟಳು. ಪ್ರತಿ ಸಲವೂ ಮಂಜುಗಡ್ಡೆ ಮುಟ್ಟಿಸಿ ಮರಗಟ್ಟುವಿಕೆ ಎಲ್ಲಿಗೇರಿತೆಂದು ಕೇಳಿದಳು. ಈಗ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಹತ್ತು ನಲವತ್ತೊಂದಕ್ಕೆ ಮಗು ಅತ್ತಿತು. ಗರ್ಭಕೋಶ ಬಿಗಿಯುವ ಮದ್ದನ್ನೂ ಹನಿಹನಿಯಾಗಿಯೇ ಬಿಟ್ಟರು. ಒತ್ತಡ ಕುಸಿಯಲಿಲ್ಲ.

ಹೊರಗೆ ಗಂಡ ಕೈ ಮುಗಿದ. “ನೀವು ದೇವರಂಗೆ ಬಂದ್ರಿ.”

“ತಕ್ಷಣ ಎಬ್ಬಿಸಿ ಕೂರಿಸಿದ್ಯಲ್ಲ, ಭೇಷ್!” ಎಂದರು ಹಿರಿಯರು.

ಅವಳು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಪಾಟಿನಲ್ಲಿ ಇನ್ನೂ ಹೆರಿಗೆಯಾಗದವರ ಇಪ್ಪತ್ತಾರು ನಮೂನೆಗಳಿದ್ದವು, ಎಲ್ಲದರಲ್ಲೂ ಅದೇ ‘1’. ಅವಳು ನಮೂನೆಯನ್ನು ಅವರ ಮುಂದಿಟ್ಟಳು.

“ಸರ್, ಇದು ನಾನು ಕೇಳಿ ಬರೆದದ್ದಲ್ಲ. ಮೊದ್ಲೇ ತುಂಬಿಟ್ಟಿದ್ದೆ.”

ಅವರ ಮುಖದ ನಗು ಇಳಿಯಿತು. “ಉಳಿದವ್ರದ್ದು?”

“ಅವೂ ಹಾಗೇ.”

ಅವರು ಮೇಜಿನ ಫೋನನ್ನು ಅವಳತ್ತ ತಳ್ಳಿದರು.

ಸಂಜೆ ನಾಲ್ಕರ ಹೊತ್ತಿಗೆ ಎಲ್ಲರನ್ನೂ ಕೇಳಿ ಮುಗಿಸಿ, ಅವಳು ಹೊಸ ಹಾಳೆಯಲ್ಲಿ ಬರೆದಳು: ಇಪ್ಪತ್ತಾರು ಮಂದಿಯಲ್ಲಿ ಇಬ್ಬರು ಮೂರು ದಿಂಬುಗಳ ಮೇಲೆ ಮಲಗುತ್ತಿದ್ದಾರೆ.