ಹೇಳದೇ ಬಿಟ್ಟ ಗೇರು

ಪೀಣ್ಯದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಗೆ ಮೊದಲ ಆಟೋಮ್ಯಾಟಿಕ್ ಲಾರಿ ಬಂದಾಗ ಅದರ ಕೀ ತನ್ನ ಕೈಗೇ ಬರುತ್ತದೆಂದು ನೀಲಪ್ಪ ನಂಬಿದ್ದ. ಅಲ್ಲಿನ ಡ್ರೈವರುಗಳಲ್ಲಿ ಅವನೇ ಹಳಬ, ಆ ಲಾರಿಯ ಟ್ರೈನಿಂಗಿಗೆ ಹೋಗಿಬಂದವನೂ ಅವನೊಬ್ಬನೇ. ಆದರೆ ಮಾಲೀಕ ಹನುಮೇಶ ಅದನ್ನು ಹೊಸದಾಗಿ ಸೇರಿದ ಶ್ಯಾಮಲಾಗೆ ಕೊಟ್ಟು, "ಒಂದ್ಸಲ ಹೇಳ್ಕೊಟ್ಬಿಡಿ ನೀಲಪ್ಪಣ್ಣ" ಎಂದ.

ನೀಲಪ್ಪ ಅವಳ ಪಕ್ಕ ಕೂತು ಯಾರ್ಡಿನಲ್ಲಿ ಎರಡು ಸುತ್ತು ಹಾಕಿಸಿದ. ಇಳಿಜಾರಿನ ವಿಷಯ ನಾಲಿಗೆಯ ತುದಿಗೆ ಬಂತು. ಹೊಟ್ಟೆಯೊಳಗಿನ ಉರಿ ಅದನ್ನು ಅಲ್ಲೇ ತಡೆಯಿತು. "ಗೇರ್‌ನ ಡಿ-ಗೆ ಹಾಕಿ ಬಿಟ್ಬಿಡಮ್ಮ, ಮಿಕ್ಕಿದ್ದೆಲ್ಲ ಗಾಡೀನೇ ನೋಡ್ಕೊಳ್ಳುತ್ತೆ" ಎಂದು ಇಳಿದುಬಿಟ್ಟ.

ಮುಂದಿನ ವಾರವೇ ಶ್ಯಾಮಲಾ ಸೇಲಂಗೆ ಲೋಡು ಹೊತ್ತು ಹೊರಟಳು. ಧರ್ಮಪುರಿ ದಾಟಿ ಘಾಟಿ ಇಳಿಯುವಾಗ ಬ್ರೇಕು ಕಾದು ಹೊಗೆಯೆದ್ದು ಹಿಡಿಯದೇ ಹೋಯಿತು. ಮುಂದೆ ಬಸ್ಸು ಕಂಡು ಅವಳು ಲಾರಿಯನ್ನು ಪಕ್ಕದ ಮಣ್ಣುದಿಬ್ಬಕ್ಕೆ ನುಗ್ಗಿಸಿದಳು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅವಳ ಬಲಗೈ ಮುರಿಯಿತು.

ಸುದ್ದಿ ಕೇಳಿದಾಗಿನಿಂದ ನೀಲಪ್ಪನಿಗೆ ಅನ್ನ ಸೇರಲಿಲ್ಲ. ಮೂಸಂಬಿ ಹಿಡಿದುಕೊಂಡು ರಾಜಗೋಪಾಲನಗರದ ಅವಳ ಮನೆಗೆ ಹೋದ. ಅವಳು ಎಡಗೈಯಲ್ಲೇ ಕುರ್ಚಿ ಎಳೆದು ಹಾಕಿದಳು.

"ಅಣ್ಣ, ನಾನೇನು ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ. ಡಿ-ಲೇ ಇತ್ತು, ಬ್ರೇಕ್ ಒತ್ಕೊಂಡೇ ಇಳಿದೆ."

ಬ್ರೇಕೇ ಸರಿ ಇರಲಿಲ್ಲವೇನೋ ಎಂದು ತೇಲಿಸಿಬಿಡಬಹುದಿತ್ತು. ಬ್ಯಾಂಡೇಜು ಸುತ್ತಿದ ಆ ಕೈ ನೋಡಿ ಅವನಿಂದ ಆಗಲಿಲ್ಲ.

"ಇಳಿಜಾರು ಶುರುವಾಗೋಕ್ ಮುಂಚೇನೇ ಸ್ಲೋ ಮಾಡಿ, ಮ್ಯಾನುವಲ್‌ಗೆ ಹಾಕಿ ಕೆಳಗಿನ ಗೇರಿಗೆ ಇಳಿಸ್ಬೇಕು. ಆಗ ಇಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ, ಬ್ರೇಕ್ ಕಾಯಲ್ಲ. ಲೋಡಲ್ಲಿ ಏರು ಹತ್ತುವಾಗ್ಲೂ, ಜಾಮಲ್ಲಿ ತೆವಳುವಾಗ್ಲೂ ಅಷ್ಟೆ, ಕೆಳಗಿನ ಗೇರೇ."

"ಇದು ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ. ಗಾಡಿ ನಂಗೆ ಕೊಡ್ಲಿಲ್ಲ ಅಂತ ಹೊಟ್ಟೆಕಿಚ್ಚು. ಹೇಳ್ದೇ ಬಿಟ್ಟೆ."

ಶ್ಯಾಮಲಾ ಗೋಡೆ ಕಡೆ ಮುಖ ತಿರುಗಿಸಿದಳು. "ಹಣ್ಣು ತಗೊಂಡ್ಹೋಗಿ" ಎಂದಳು.

ನೀಲಪ್ಪ ಅಲ್ಲಿಂದ ನೇರವಾಗಿ ಹನುಮೇಶನ ಬಳಿ ಹೋಗಿ ಎಲ್ಲ ಹೇಳಿದ. ಶ್ಯಾಮಲಾಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದ ಹನುಮೇಶ ಆ ಮಾತು ಬಿಟ್ಟ. ನೀಲಪ್ಪನನ್ನು ಸ್ಟಿಯರಿಂಗಿನಿಂದ ಇಳಿಸಿ ಗೋಡೌನಿಗೆ ಹಾಕಿದ.

ಕೈ ಕೂಡಿ ಕೆಲಸಕ್ಕೆ ಬಂದ ಶ್ಯಾಮಲಾ ಮತ್ತೆ ಸೇಲಂ ರೂಟನ್ನೇ ಕೇಳಿದಳು. ಮೊದಲ ಸಲ ಪಕ್ಕದಲ್ಲಿ ನೀಲಪ್ಪನೇ ಕೂರಬೇಕೆಂದಳು. ಘಾಟಿಯ ನೆತ್ತಿಯಲ್ಲಿ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದಳು.

"ಮೊದ್ಲಿಂದ ಹೇಳಿ. ಏನೂ ಬಿಡ್ಬೇಡಿ."

ನೀಲಪ್ಪ ಒಂದೊಂದಾಗಿ ಹೇಳಿದ. ಹೇಳಿ ಮುಗಿಸಿದ ಮೇಲೂ ಅವಳು, ಇನ್ನೂ ಏನೋ ಉಳಿಸಿಕೊಂಡಿದ್ದಾನೇನೋ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟವನ್ನು ಅವನು ಎದುರಿಸಲಾರದೆ ತಲೆ ತಗ್ಗಿಸಿದ.

ಶ್ಯಾಮಲಾ ಗೇರು ಇಳಿಸಿ, ನಿಧಾನಕ್ಕೆ ಬ್ರೇಕು ಬಿಟ್ಟಳು.