ಹೂವಮ್ಮನ ಮನೆ

ಹುಲಿಯಪ್ಪ ತನ್ನ ಅಪ್ಪನ ಬಲಗೈ ಮುರಿದದ್ದು ಸಿಟ್ಟಿನ ಭರದಲ್ಲಲ್ಲ. ಬೇಕೆಂದೇ ಮುರಿದ.

ಅಪ್ಪ ಸುಬ್ಬಪ್ಪ ಕೋಣಂದೂರಿನ ಗಾಡಿಯವನು. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದಷ್ಟು ಕಾಲ ಎತ್ತಿನ ಗಾಡಿಯಲ್ಲಿ ಮರಳು, ದಿಮ್ಮಿ ಸಾಗಿಸಿ, ಸಂತೆಮಾಳದ ಹಿಂದೆ ಹೆಂಚಿನ ಮನೆಯೊಂದನ್ನೂ ಒಂದಿಷ್ಟು ಗದ್ದೆಯನ್ನೂ ಸ್ವಂತ ದುಡಿಮೆಯಲ್ಲಿ ಕೊಂಡಿದ್ದ. ಹುಲಿಯಪ್ಪನ ತಾಯಿ ಬೇಗ ತೀರಿಕೊಂಡಿದ್ದಳು. ಆಮೇಲೆ ಸುಬ್ಬಪ್ಪ ವಿಧವೆ ಹೂವಮ್ಮನನ್ನು ಕೂಡಿಕೆ ಮದುವೆ ಮಾಡಿಕೊಂಡ. ಅವಳಿಗೆ ಮಕ್ಕಳಾಗಲಿಲ್ಲ. ಎಪ್ಪತ್ತು ದಾಟಿದ ಮೇಲೆ ಸುಬ್ಬಪ್ಪನಿಗೆ ಒಂದೇ ಚಿಂತೆ: ತಾನು ಕಣ್ಣು ಮುಚ್ಚಿದ ದಿನವೇ ಮಗ ಇವಳನ್ನು ಬೀದಿಗೆ ತಳ್ಳುತ್ತಾನೆ. ಅದಕ್ಕೇ ತೀರ್ಥಹಳ್ಳಿಗೆ ಹೋಗಿ ಗಣೇಶಮೂರ್ತಿ ವಕೀಲರನ್ನು ಕಂಡು ಬಂದ.

ಹೆಂಡತಿ ಮಕ್ಕಳೊಂದಿಗೆ ಸಾಗರದಲ್ಲಿದ್ದ ಹುಲಿಯಪ್ಪನಿಗೆ ಸುದ್ದಿ ಮುಟ್ಟಿತು. ಮನೆ, ಗದ್ದೆ ಮಾರಿ ಲಾರಿ ಕೊಳ್ಳಬೇಕೆಂದು ಅವನು ಗಿರಾಕಿಯನ್ನೂ ಗೊತ್ತು ಮಾಡಿಕೊಂಡಿದ್ದ. ಬೆಳಿಗ್ಗೆಯ ಬಸ್ಸಿಗೆ ಬಂದವನು ಜಗಲಿಯ ಮೇಲೇ ಕೇಳಿದ.

"ಕೂಡಿಕೆಯವಳಿಗೆ ಮನೆ ಬರೀತೀಯಂತೆ, ಹೌದಾ ಅಪ್ಪಯ್ಯ?"

"ಅವಳು ಎಲ್ಲಿಗೆ ಹೋಗ್ಬೇಕು ಮಾರಾಯ?"

"ಬಂದಲ್ಲಿಗೇ ಹೋಗ್ಲಿ."

ಸುಬ್ಬಪ್ಪ ಒಳಗೆ ಹೋಗಲು ಎದ್ದ. ಹುಲಿಯಪ್ಪ ಅವನ ತೋಳು ಹಿಡಿದೆಳೆದು, ಅಂಗಳದಲ್ಲಿದ್ದ ಗಾಡಿಯ ಮೂಕಿಮರದ ಮೇಲೆ ಬಲಗೈ ಇರಿಸಿ, ಗಾಡಿಯ ಗೂಟ ಕಿತ್ತು ಮಣಿಕಟ್ಟಿಗೆ ಬಡಿದ. ಎರಡನೇ ಏಟಿಗೆ ಮೂಳೆ ಚರ್ಮ ಸೀಳಿ ಹೊರಬಂತು.

"ಇನ್ನು ಯಾವ ಪತ್ರಕ್ಕೆ ರುಜು ಹಾಕ್ತೀಯೋ ನೋಡ್ತೀನಿ" ಎಂದು ಗೂಟ ಎಸೆದು ಹೊರಟು ಹೋದ.

ಹೂವಮ್ಮ ತನ್ನ ಸೀರೆ ಹರಿದು ಕೈಗೆ ಕಟ್ಟಿ, ಗಂಡನನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದಳು. ಪೊಲೀಸರಿಗೆ ಹೇಳೋಣವೆಂದರೆ ಸುಬ್ಬಪ್ಪ ಒಪ್ಪಲಿಲ್ಲ. ಗಾಡಿಯಿಂದ ಬಿದ್ದೆ ಎಂದೇ ಡಾಕ್ಟರಿಗೆ ಹೇಳಿದ. ಆದರೆ ವಕೀಲರನ್ನು ಕರೆಸು ಎಂದ.

ಗಣೇಶಮೂರ್ತಿಗಳು ಮಂಚದ ಪಕ್ಕ ಕುಳಿತು ಬಿಡಿಸಿ ಹೇಳಿದರು: "ಉಯಿಲು ಬರೆದ್ರೆ ಅದನ್ನ ನೀವು ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು. ಅಂದ್ರೆ ನಿಮ್ಮ ಮಗ ಹೊಡೆದು ಬದಲಾಯಿಸ್ಬಹುದು. ವ್ಯವಸ್ಥಾಪತ್ರ ಮಾಡಿ. ರಿಜಿಸ್ಟರ್ ಆದ್ಮೇಲೆ ಅದನ್ನ ನೀವೊಬ್ರೇ ರದ್ದು ಮಾಡಕ್ಕಾಗಲ್ಲ. ಬದುಕಿರೋವರೆಗೂ ಮನೆ, ಗದ್ದೆ ನಿಮ್ಮಿಬ್ಬರದ್ದು. ಆಮೇಲೆ ಯಾರಿಗೆ?"

ಸುಬ್ಬಪ್ಪ ಸೂರು ನೋಡುತ್ತ ಮಲಗಿದ್ದ. "ಮೊಮ್ಮಕ್ಕಳಿಗೆ. ಅವನಿಗೆ ಬೇಡ."

ರೋಗಿಗಳಿದ್ದಲ್ಲಿಗೇ ಬಂದು ನೋಂದಾಯಿಸಲು ಕಾನೂನಿದೆಯೆಂದು ವಕೀಲರು ಸಬ್ ರಿಜಿಸ್ಟ್ರಾರರನ್ನು ಕರೆತಂದರು. ಯಾರ ಒತ್ತಾಯವೂ ಇಲ್ಲವಲ್ಲ ಎಂದು ಅಧಿಕಾರಿ ಕೇಳಿದಾಗ ಸುಬ್ಬಪ್ಪ ಜೋರಾಗಿಯೇ "ಇಲ್ಲ" ಎಂದು ಎಡಗೈ ಹೆಬ್ಬೆಟ್ಟು ಒತ್ತಿದ.

ಸುಬ್ಬಪ್ಪ ಆಸ್ಪತ್ರೆಯಿಂದ ಮನೆಗೆ ಮರಳಿದ ವಾರದಲ್ಲೇ, ಪತ್ರದ ಸುದ್ದಿ ಕೇಳಿ ಹುಲಿಯಪ್ಪ ಕತ್ತಿ ಹಿಡಿದು ಬಂದ. ಒರಳಿನ ಹತ್ತಿರ ಭತ್ತ ಕುಟ್ಟುತ್ತಿದ್ದ ಹೂವಮ್ಮನ ಮೇಲೆ ಮಾತಿಲ್ಲದೆ ಬೀಸಿದ. ಅವಳು ಹೊರಳಿದ್ದರಿಂದ ಕುತ್ತಿಗೆ ಉಳಿಯಿತು, ಭುಜ ಸೀಳಿತು. ಅವಳು ಗೋಡೆಗೊರಗಿ ಕುಸಿದಳು. ಅಡ್ಡ ಬಂದ ಅಪ್ಪನ ಗಂಟಲನ್ನು ಮಗ ಕತ್ತಿ ಕೆಳಗೆಸೆದು ಹಿಸುಕಿದ.

"ಬದಲಾಯ್ಸು! ಈಗ್ಲೇ ನಡಿ ತೀರ್ಥಹಳ್ಳಿಗೆ!"

"ಆಗಲ್ಲ ಕಣಾ" ಎಂದ ಸುಬ್ಬಪ್ಪ ಉಸಿರು ಸಿಕ್ಕಷ್ಟರಲ್ಲಿ. "ನೀನು ಕೊಂದ್ರೂ ಆಗಲ್ಲ. ನಂಗೇ ಬೇಕು ಅನ್ಸಿದ್ರೂ ಆಗಲ್ಲ."

ಹುಲಿಯಪ್ಪನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಅಪ್ಪನ ತಲೆಯನ್ನು ಕಂಬಕ್ಕೆ ಬಡಿದ, ಮತ್ತೆ ಬಡಿದ. ಹೂವಮ್ಮ ಒಂದೇ ಕೈಯಲ್ಲಿ ಒನಕೆ ಎತ್ತಿ ಅವನ ಮೊಣಕಾಲಿಗೆ ಹೊಡೆದಳು. ಅವನು ಉರುಳಿದ. ಕತ್ತಿಗೆ ಕೈ ಚಾಚಿದ್ದನ್ನು ಕಂಡು ಆ ಕೈಗೂ ಹೊಡೆದಳು. ಸಂತೆಗೆ ಬಂದವರು ಓಡಿ ಬಂದು ಬಿಡಿಸುವವರೆಗೂ ಹೊಡೆಯುತ್ತಲೇ ಇದ್ದಳು.

ಈ ಸಲ ಪೊಲೀಸರಿಗೆ ಹೇಳಿಕಳಿಸಿದವನು ಸುಬ್ಬಪ್ಪನೇ. ನಡೆದದ್ದನ್ನು ನಡೆದ ಹಾಗೆ ಹೇಳಿದ. ಮಗನಿಗೆ ಜೈಲಾಯಿತು. ಅಂದು ಸುಬ್ಬಪ್ಪ ಊಟಕ್ಕೇಳಲಿಲ್ಲ.

"ನಾನೇ ಕಳಿಸಿದೆ ಅವನ್ನ" ಎಂದ.

ಹೂವಮ್ಮ ಗಂಜಿಯ ಬಟ್ಟಲು ಅವನ ಮುಂದಿಟ್ಟಳು. "ನಾನೂ ಬದುಕ್ಬೇಕಿತ್ತಲ್ಲ" ಎಂದಳು. ಅವನು ಬಟ್ಟಲನ್ನು ಹತ್ತಿರ ಎಳೆದುಕೊಂಡ.

ನಾಟಿಯ ಹೊತ್ತಿಗೆ ಹುಲಿಯಪ್ಪನ ಹೆಂಡತಿ ಯಮುನಮ್ಮ ಮಕ್ಕಳನ್ನು ಕರೆದುಕೊಂಡು ಬಂದು, ಜಗಲಿಯಲ್ಲಿದ್ದ ಮಾವನಿಗೆ ಕೈಮುಗಿದು ಹೊಸ್ತಿಲಾಚೆ ನಿಂತಳು. ಸಾಗರದ ಬಾಡಿಗೆ ಮನೆ ಬಿಡಿಸಿದ್ದರು.

"ಅತ್ತೆ, ನಿಮ್ಮನ್ನ ಕೇಳೋ ಮುಖ ನಂಗಿಲ್ಲ."

ಹೂವಮ್ಮ ಚಿಕ್ಕವಳನ್ನು ಎತ್ತಿಕೊಳ್ಳಲು ಹೋದಳು. ಗಾಯದ ಭುಜ ಮೇಲೇಳಲಿಲ್ಲ. ಮಗುವಿನ ಬೆರಳು ಹಿಡಿದು ಒಳಗೆ ನಡೆಸಿದಳು.

"ನಾನಿರೋವರೆಗೂ ಇದು ನನ್ ಮನೆ, ಯಮುನ. ಅವನು ಬಿಡುಗಡೆಯಾಗಿ ಬಂದ್ರೆ ಒಳಗೆ ಬಿಡಲ್ಲ. ನೀನೂ ಬಿಡ್ಬಾರ್ದು. ಒಪ್ತೀಯಾ?"

ಯಮುನಮ್ಮ ಅಳುತ್ತಲೇ ತಲೆಯಾಡಿಸಿದಳು.

"ಹಂಗಾರೆ ಕಾಲು ತೊಳ್ಕೊಂಡು ಬಾ. ಸಸಿ ಕೀಳಕ್ಕೆ ಜನ ಸಿಕ್ಕಿಲ್ಲ, ನಾಳೆಯಿಂದ ನೀನೇ ಗದ್ದೆಗೆ ಇಳೀಬೇಕು."