ದೋಣಿಗೆ ಹಚ್ಚಿದ ಎಳ್ಳೆಣ್ಣೆ

ಕಮಲಾಪುರದ ನಮ್ಮ ವಿಠ್ಠಲನಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಕರಿಕಲ್ಲಿನ ಮೂರ್ತಿ, ಎಳ್ಳೆಣ್ಣೆ ಉಜ್ಜಿದರೆ ಮಿರಮಿರ ಮಿಂಚುತ್ತದೆ. ಜನ ಹೊಗಳುವಾಗ ದೇವರ ಪಾಲಿನ ಹೊಗಳಿಕೆಯನ್ನೂ ನಾನೇ ಇಟ್ಟುಕೊಳ್ಳುತ್ತಿದ್ದೆ. ಆ ಸೊಕ್ಕಿನಿಂದಲೇ ಇದೆಲ್ಲ ಆದದ್ದು.

ತೊಂಬತ್ತಾರನೇ ಇಸವಿ. ತೆಪ್ಪೋತ್ಸವದ ಮರದ ತೆಪ್ಪ ಲಡ್ಡಾಗಿತ್ತು. ಗುಡಿಯ ಪಂಚರಾದ ವಾಸುದೇವರಾಯರು ಕಲಬುರಗಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಟೆಂಪೋದಲ್ಲಿ ಕಳಿಸಿದರು. ಬಿಸಿಲಿಗೆ ಬಣ್ಣ ಸತ್ತುಹೋಗಿ, ಮುಟ್ಟಿದರೆ ಸುಣ್ಣದಂಥ ಪುಡಿ ಕೈಗೆ ಹತ್ತುತ್ತಿತ್ತು. ಅದರ ಹಿಂದೆಯೇ ಅದೇ ಊರಿನ ಗಾಜಿಪುರ ಓಣಿಯ ಹಮೀದ್ ಬಂದ, ಕಾರುಗಳಿಗೆ ಪಾಲಿಶ್ ಮಾಡುವವನು. ಇದು ಚೆನ್ನಾಗಿ ಆದರೆ ಕಲಬುರಗಿಯ ಕೆರೆಯಲ್ಲಿರುವ ಎಲ್ಲ ದೋಣಿಗಳ ಕೆಲಸವನ್ನೂ ಅವನಿಗೇ ಕೊಡಿಸುವುದಾಗಿ ರಾಯರು ಮಾತು ಕೊಟ್ಟಿದ್ದರು.

ಎರಡು ದಿನ ಅವನು ನೀರು ಹಾಕಿ ಹಾಕಿ ಪಾಲಿಶ್ ಪೇಪರಿನಿಂದ ದೋಣಿಯನ್ನು ತಿಕ್ಕಿದ. ಅದು ಇನ್ನಷ್ಟು ಮಂಕಾಯಿತು. ಉತ್ಸವಕ್ಕೆ ಉಳಿದದ್ದು ಎರಡೇ ದಿನ. ನನ್ನ ಜೀವ ತಡೆಯಲಿಲ್ಲ.

"ಇದೇನೋ ಹಮೀದ್, ಇದ್ದ ಬಣ್ಣಾನೂ ತಗದಿಯಲ್ಲ?"

"ಮೊದಲು ಮಂಕಾಗ್ಬೇಕ್ರಿ ಆಚಾರ್ರ. ನಾಳಿ ಮ್ಯಾಣ ಕುಂದರಸ್ತೀನಿ, ಆಮ್ಯಾಲ ನೋಡ್ರಿ."

ಅಂದು ಶುಕ್ರವಾರ, ಮಧ್ಯಾಹ್ನ ಅವನು ನಮಾಜಿಗೆ ಹೋದ. ನಾನು ಗರ್ಭಗುಡಿಯ ಎಣ್ಣೆ ಗಿಂಡಿ ತಂದು ದೋಣಿಯ ಒಂದು ಮಗ್ಗುಲಿಗೆ ಉಜ್ಜಿದೆ. ವಿಠ್ಠಲನ ಹಾಗೇ ಮಿಂಚಿತು! ಅಷ್ಟರಲ್ಲಿ ಟೆಂಪೋವೊಂದು ಧೂಳೆಬ್ಬಿಸಿ ಹೋಯಿತು, ಧೂಳೆಲ್ಲ ಎಣ್ಣೆಗೆ ಅಂಟಿತು. ಗಾಬರಿಯಾಗಿ ಹಳೆಯ ಪಂಚೆಯಿಂದ ಒರೆಸಿ ಗಿಂಡಿಯನ್ನು ಗುಡಿಯೊಳಗೆ ಇಟ್ಟುಬಂದೆ. ಹಮೀದ್ ಬಂದು ದೋಣಿಯ ಮೇಲೆ ಕೈಯಾಡಿಸಿದ, ಬೆರಳು ಮೂಸಿ ನೋಡಿದ. ಆಮೇಲೆ ಸಾಬೂನು ಹಾಕಿ ತೊಳೆದ.

ಆದರೆ ಎಣ್ಣೆ ಆಗಲೇ ಒಳಗೆ ಇಳಿದಿತ್ತು. ಮರುದಿನ ಅವನು ಮೇಣ ಉಜ್ಜಿದಾಗ ಒಂದು ಮಗ್ಗುಲು ಕನ್ನಡಿಯಾಯಿತು, ನಾನು ಎಣ್ಣೆ ಹಚ್ಚಿದ ಮಗ್ಗುಲು ಮೇಣ ಹಿಡಿಯದೆ ಕಲೆ ಕಲೆಯಾಯಿತು. ಉತ್ಸವಕ್ಕೆಂದು ಬಂದಿದ್ದ ರಾಯರು ಅದನ್ನು ನೋಡಿ ಎಲ್ಲರ ಎದುರಿಗೇ ರೇಗಿದರು. "ದೇವರ ಕೆಲಸ ಹಿಂಗ ಮಾಡ್ತಾರೇನು? ಕೆರಿ ದೋಣಿ ನಿನಗ ಕೊಡಂಗಿಲ್ಲ, ನಡಿ."

ಹಮೀದ್ ಒಮ್ಮೆ ನನ್ನತ್ತ ನೋಡಿದ. ನಾನು ತುಳಸಿ ಬಿಡಿಸುವವನ ಹಾಗೆ ತಲೆ ತಗ್ಗಿಸಿದೆ.

ವಾರವಿಡೀ ಎಣ್ಣೆ ಗಿಂಡಿ ಮುಟ್ಟಲು ನಾಚಿಕೆಯಾಗುತ್ತಿತ್ತು. ಕಡೆಗೆ ಬಸ್ ಹತ್ತಿ ಗಾಜಿಪುರಕ್ಕೆ ಹೋದೆ. ಹಮೀದ್ ಮನೆಯ ಮುಂದೆ ಯಾರದೋ ಸ್ಕೂಟರ್ ಒರೆಸುತ್ತಿದ್ದ.

"ಎಣ್ಣಿ ಹಚ್ಚಿದಾವ ನಾನೇ, ಹಮೀದ್."

"ಗೊತ್ತದರಿ. ಅವತ್ತೇ ವಾಸನಿ ಬಡೀತು."

"ಮತ್ತ ರಾಯರಿಗೆ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ನೀವೇ ಹೇಳ್ತೀರಿ ಅಂತ ನಿಮ್ಮ ಮಾರಿ ನೋಡಿದ್ನಿ."

ಅಲ್ಲಿಂದ ನೇರವಾಗಿ ರಾಯರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ರಾಯರು ನಕ್ಕರು.

"ಹೋಗ್ಲಿ ಬಿಡ್ರಿ ಆಚಾರ್ರ. ನೀವು ಒಳ್ಳೇದಕ್ಕೇ ಮಾಡಿದ್ರಿ."

"ಹಮೀದನ ಕೆಲಸ?"

"ಅದನ್ನ ಬ್ಯಾರೇದವ್ರಿಗೆ ಕೊಟ್ಟಾಯ್ತಲ್ಲ. ಕೂಡ್ರಿ, ಚಹಾ ಕುಡ್ದು ಹೋಗ್ರಿ."

ನಾನು ಕೂತೆ. ಚಹಾ ಬಂತು. ಹಮೀದನಿಗೆ ಯಾರೂ ಹೇಳದ "ಹೋಗ್ಲಿ ಬಿಡ್ರಿ" ನನಗೆ ಕೇಳದೆಯೇ ಸಿಕ್ಕಿತ್ತು. ಆ ಚಹಾ ಮುಟ್ಟದೆ ಎದ್ದು ಬಂದೆ.